ಪದಬಂಧದಲ್ಲಿ ಜಗಳ, ಕಾಳಗದ ಪದಗಳು: ಬೆಳಗಾವಿ–ಖಾನಾಪುರ ಸೀಮೆಯ ನೆಲೆಯಿಂದ

ಕನ್ನಡ ಪದಬಂಧಗಳಲ್ಲಿ ಜಗಳ, ಹೊಡೆದಾಟ, ಕುಸ್ತಿ, ಯುದ್ಧಗಳಿಗೆ ಸೇರಿದ ಸುಳುಹುಗಳೂ ಉತ್ತರಗಳೂ ಒಂದು ದೊಡ್ಡ ಗುಂಪು. ಎರಡು ಮನೆಯ ‘ರಣ’ದಿಂದ ಐದು ಮನೆಯ ‘ಕಲಹಪ್ರಿಯ’ದವರೆಗೆ ಎಲ್ಲ ಅಳತೆಯ ಪದಗಳೂ ಇದರಲ್ಲಿ ಸಿಗುತ್ತವೆ. ಸಂಸ್ಕೃತ, ಹಳಗನ್ನಡ, ಹೊಸಗನ್ನಡ, ಹಿಂದುಸ್ತಾನಿ, ಮರಾಠಿ ಎಂಬ ಐದು ಮೂಲಗಳಿಂದ ಬಂದ ಪದಗಳು ಒಂದೇ ಅರ್ಥದ ಸುತ್ತ ನಿಂತಿರುವುದರಿಂದ ಪದಬಂಧ ರಚಿಸುವವರಿಗೆ ಇಷ್ಟು ಅನುಕೂಲದ ವಿಷಯ ಇನ್ನೊಂದಿಲ್ಲ. ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕು ಈ ಗುಂಪನ್ನು ನೋಡಲು ತಕ್ಕ ಜಾಗ. ಕಿತ್ತೂರಿನ ಯುದ್ಧ, ನಂದಗಡದ ಗಲ್ಲು, ಕುಸ್ತಿಯ ಅಖಾಡಗಳು, ಸವಾಲ್–ಜವಾಬಿನ ಲಾವಣಿಗಳು ಎಲ್ಲ ಈ ಸೀಮೆಯವು. ಕನ್ನಡ, ಮರಾಠಿ, ಕೊಂಕಣಿ, ಉರ್ದು ಮಾತಾಡುವವರು ಒಂದೇ ಓಣಿಯಲ್ಲಿ ಜಗಳವಾಡುವ ಊರುಗಳೂ ಇಲ್ಲಿವೆ.

ಮನೆ ಮತ್ತು ಅಕ್ಷರ

ಇಂದಿನ ರೂಪದ ಪದಬಂಧ ಮೊದಲು ಅಚ್ಚಾದದ್ದು 1913ರ ಡಿಸೆಂಬರ್ 21ರಂದು, ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ. ರಚಿಸಿದವನು ಆರ್ಥರ್ ವಿನ್. ಲಂಡನ್ನಿನ ‘ದಿ ಟೈಮ್ಸ್’ ಇದನ್ನು ಒಪ್ಪಿಕೊಂಡದ್ದು 1930ರಲ್ಲಿ. ಕನ್ನಡದಲ್ಲಿ ದಿನಪತ್ರಿಕೆಗಳೂ ವಾರಪತ್ರಿಕೆಗಳೂ ಇದನ್ನು ನಿತ್ಯದ ಅಂಕಣವಾಗಿ ಬೆಳೆಸಿದವು. ಕೋಲಾರ ಜಿಲ್ಲೆಯ ಅಬ್ಬಣಿಯವರಾದ ಅ. ನಾ. ಪ್ರಹ್ಲಾದರಾವ್ ಸಾವಿರಾರು ಪದಬಂಧಗಳನ್ನು ಒಬ್ಬರೇ ರಚಿಸಿ, ಚಲನಚಿತ್ರವನ್ನೇ ವಿಷಯವಾಗಿಟ್ಟುಕೊಂಡ ಬಂಧಗಳನ್ನೂ ಜನಪ್ರಿಯಗೊಳಿಸಿದರು.

ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಅಕ್ಷರವೆಂದರೆ ಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿದ ಒಂದು ಘಟಕ. ‘ಯುದ್ಧ’ಕ್ಕೆ ಬೇಕಾದದ್ದು ಎರಡೇ ಮನೆ: ಯು–ದ್ಧ. ಗಣಕಯಂತ್ರ ಇದೇ ಪದವನ್ನು ಐದು ಸಂಕೇತಗಳಾಗಿ ಎಣಿಸುತ್ತದೆ. ಮೊಬೈಲಿನಲ್ಲಿ ಪದಬಂಧ ಮಾಡಹೊರಟವರು ಎಡವುವ ಮೊದಲ ಕಲ್ಲು ಇದು. ‘ಸಂಗ್ರಾಮ’ಕ್ಕೆ ಮೂರು ಮನೆ (ಸಂ–ಗ್ರಾ–ಮ), ‘ದ್ವಂದ್ವ’ಕ್ಕೆ ಎರಡು, ‘ಸಂಘರ್ಷ’ಕ್ಕೆ ಮೂರು.

ಇದರಿಂದ ಪದಗಳು ಚಿಕ್ಕವಾಗುತ್ತವೆ, ಆದರೆ ಹೆಣಿಗೆ ಕಷ್ಟವಾಗುತ್ತದೆ. ಇಂಗ್ಲಿಷಿನಲ್ಲಿ ಮನೆಯೊಂದಕ್ಕೆ 26 ಸಾಧ್ಯತೆ. ಕನ್ನಡದ 34 ವ್ಯಂಜನಗಳಿಗೆ 13 ಸ್ವರಗಳು ಕೂಡಿದರೆ, ಒತ್ತಕ್ಷರವನ್ನು ಲೆಕ್ಕಕ್ಕೆ ಹಿಡಿಯದೆಯೇ 442. ಅಡ್ಡ ಮತ್ತು ಉದ್ದದ ಪದಗಳು ಸಂಧಿಸುವ ಮನೆಯಲ್ಲಿ ವ್ಯಂಜನ ಮಾತ್ರವಲ್ಲ, ಗುಣಿತವೂ ಒತ್ತೂ ಒಂದೇ ಇರಬೇಕು. ಆದಕಾರಣ ಕನ್ನಡ ಬಂಧಗಳಲ್ಲಿ ಕಪ್ಪು ಮನೆ ಹೆಚ್ಚು, ಸಂಧಿಸುವ ಮನೆ ಕಡಿಮೆ. ‘ಯುದ್ಧ’ದ ಎರಡನೆಯ ಮನೆಯನ್ನೇ ನೋಡಬಹುದು. ‘ದ್ಧ’ದಿಂದ ಶುರುವಾಗುವ ಪದ ಕನ್ನಡದಲ್ಲಿಲ್ಲ. ಅದು ಸಿದ್ಧತೆ, ಸಿದ್ಧರಾಮಗಳ ನಡುವಿನಲ್ಲೋ ಶುದ್ಧ, ವೃದ್ಧ, ಬುದ್ಧಗಳ ಕೊನೆಯಲ್ಲೋ ಬರಬೇಕು. ಯುದ್ಧವನ್ನು ಬುದ್ಧ ಅಡ್ಡಗಟ್ಟುವುದು ರಚಿಸುವವರ ತತ್ತ್ವಜ್ಞಾನದಿಂದಲ್ಲ, ‘ದ್ಧ’ ಇರುವ ಪದಗಳ ಬರದಿಂದ. ‘ಜಗಳ’ದ ಕೊನೆಯ ‘ಳ’ಕ್ಕೂ ಇದೇ ಪಾಡು, ಹವಳ, ಸರಳ, ವಿರಳಗಳು ಅದರ ನೆರವಿಗೆ ಬರುತ್ತವೆ.

ಹಿಂದಿನ ರೂಪಗಳು

ಚೌಕದಲ್ಲಿ ಅಕ್ಷರ ಕೂರಿಸುವ ಆಟ ಈ ನಾಡಿಗೆ ಹೊಸದಲ್ಲ. ಸಂಸ್ಕೃತದ ಚಿತ್ರಕಾವ್ಯದಲ್ಲಿ ಚಕ್ರಬಂಧ, ಮುರಜಬಂಧ, ಪದ್ಮಬಂಧ ಮುಂತಾದ ರಚನೆಗಳಿವೆ. ಪದಬಂಧ ಎಂಬ ಹೆಸರಿನ ‘ಬಂಧ’ಕ್ಕೂ ಇದೇ ನೆನಪು. ಇಲ್ಲಿನ ವಿಷಯಕ್ಕೆ ಮುಖ್ಯವಾದ ಸಂಗತಿ ಇನ್ನೊಂದು: ಈ ಅಕ್ಷರದಾಟವನ್ನು ಮಹಾಕವಿಗಳು ಯುದ್ಧದ ಸರ್ಗಗಳಿಗೆ ಮೀಸಲಿಟ್ಟಿದ್ದರು. ಭಾರವಿಯ ‘ಕಿರಾತಾರ್ಜುನೀಯ’ದಲ್ಲಿ ಕಾಳಗದ ವರ್ಣನೆಯಿರುವ 15ನೆಯ ಸರ್ಗದಲ್ಲಿಯೇ ‘ಸರ್ವತೋಭದ್ರ’ ಬರುತ್ತದೆ. ಅದನ್ನು ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಹೇಗೆ ಓದಿದರೂ ಒಂದೇ. ಮಾಘನ ‘ಶಿಶುಪಾಲವಧೆ’ಯ 19ನೆಯ ಸರ್ಗವೂ ಇಂಥದೇ. ವ್ಯೂಹ ರಚಿಸುವ ಸೇನೆಗೆ ಅಕ್ಷರದ ವ್ಯೂಹ ತಕ್ಕದ್ದೆಂದು ಅವರಿಗೆ ಅನ್ನಿಸಿರಬೇಕು. ಭಾರವಿಯ ಕೀರ್ತಿ ಈ ಸೀಮೆಗೆ ಬೇಗ ತಲುಪಿತ್ತು. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಅವನ ಹೆಸರನ್ನು ಕಾಳಿದಾಸನ ಜೊತೆಗೆ ಹೇಳಿದ್ದಾನೆ.

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಜಗಳವೂ ಒಗಟೂ ಒಂದೇ ಹೊದಿಕೆಯೊಳಗೆ ಸೇರಿವೆ. ಮಲ್ಲವಿನೋದ, ಅಂಕವಿನೋದ, ಕೋಳಿ ಮತ್ತು ಟಗರಿನ ಕಾಳಗಗಳ ಪ್ರಕರಣಗಳು ಒಂದು ಕಡೆ. ಪ್ರಹೇಲಿಕೆ, ಅಂದರೆ ಒಗಟಿನ ಆಟದ ಪ್ರಕರಣ ಇನ್ನೊಂದು ಕಡೆ. ಅರಸನ ಹೊತ್ತು ಕಳೆಯಲು ಎರಡೂ ಬೇಕಿದ್ದವು.

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಗಟೇ ಜಗಳವಾಗುವ ಕಲೆಯೂ ಉಂಟು. ಅದು ಗೀಗೀ ಮತ್ತು ಲಾವಣಿಯ ಮೇಳಗಳ ಹರದೇಶಿ–ನಾಗೇಶಿ. ಹರದೇಶಿ ಮೇಳ ಪುರುಷನ ಹಿರಿಮೆಯನ್ನೂ ನಾಗೇಶಿ ಮೇಳ ಹೆಣ್ಣಿನ ಹಿರಿಮೆಯನ್ನೂ ಹಾಡಿ ವಾದಕ್ಕೆ ನಿಲ್ಲುತ್ತವೆ. ದಪ್ಪು, ತುಂತುಣಿಯ ಬಡಿತದ ನಡುವೆ ಒಂದು ಮೇಳ ‘ಸವಾಲ್’ ಹಾಕುತ್ತದೆ, ಇನ್ನೊಂದು ‘ಜವಾಬ್’ ಕೊಡಬೇಕು. ಉತ್ತರ ಹೊಳೆಯದಿದ್ದರೆ ಕೂತ ಜನರೆದುರಿಗೆ ಸೋಲು. ಸುಳುಹು ಕೊಟ್ಟು ಉತ್ತರ ಕೇಳುವ ಕ್ರಮ ಇದರಲ್ಲಿ ಪೂರ್ತಿಯಾಗಿದೆ. ವ್ಯತ್ಯಾಸವೆಂದರೆ ಪದಬಂಧ ಬಿಡಿಸುವವನು ಸೋತರೆ ಪತ್ರಿಕೆಯನ್ನು ಮಡಿಸಿಟ್ಟು ಸುಮ್ಮನಿರಬಹುದು.

ಪದಗಳ ಪದರಗಳು

ಜಗಳದ ಪದಗಳಲ್ಲಿ ಅತಿ ಹೆಚ್ಚು ಬಳಕೆಯಾಗುವುದು ಸಂಸ್ಕೃತದ ಪದರ. ‘ಅಮರಕೋಶ’ದ ಕ್ಷತ್ರಿಯವರ್ಗ ಯುದ್ಧಕ್ಕೆ ಮೂವತ್ತರಷ್ಟು ಪರ್ಯಾಯಗಳನ್ನು ಕೊಡುತ್ತದೆ: ಸಮರ, ರಣ, ಕಲಹ, ವಿಗ್ರಹ, ಸಂಯುಗ, ಸಂಗ್ರಾಮ, ಆಹವ, ಸಮಿತಿ, ಆಜಿ, ಕಲಿ ಮುಂತಾದವು. ಇವುಗಳಲ್ಲಿ ‘ಆಜಿ’, ‘ಆಹವ’ಗಳನ್ನು ಇಂದು ಯಾರೂ ಮಾತಿನಲ್ಲಿ ಆಡುವುದಿಲ್ಲ. ಆದರೂ ಮೂಲೆಯಲ್ಲಿ ಎರಡು ಮೂರು ಮನೆ ಉಳಿದು ಬೇರೇನೂ ಕೂರದಿದ್ದಾಗ ಅವು ಬಂದು ಕೂರುತ್ತವೆ. ಪದಬಂಧ ಬಿಡಿಸುವವರಿಗೆ ಮಾತ್ರ ಗೊತ್ತಿರುವ ಇಂಥ ಪದಗಳು ಎಲ್ಲ ಭಾಷೆಗಳಲ್ಲೂ ಇವೆ. ಇಂಗ್ಲಿಷಿನ ಬಂಧಗಳಲ್ಲಿ ‘ಮೆಲೀ’, ‘ಫ್ರೇ’ಗಳು ಪದೇ ಪದೇ ಮುಖ ತೋರಿಸುವುದೂ ಅವುಗಳ ಚಿಕ್ಕ ಅಳತೆ ಮತ್ತು ಸ್ವರಾಕ್ಷರಗಳ ಕಾರಣಕ್ಕೆ.

ಹಳಗನ್ನಡದಿಂದ ಬರುವವು ಬವರ, ಕಾಳೆಗ, ಕೊಳುಗುಳ. ಕಾಳೆಗದ ಇಂದಿನ ರೂಪ ಕಾಳಗ. ವೀರಗಲ್ಲು, ತುರುಗೋಳ್ ಎಂಬ ಶಾಸನ ಲೋಕದ ಪದಗಳೂ ಇದೇ ಪದರದವು. ಹಸುಗಳನ್ನು ಹೊಡೆದುಕೊಂಡು ಹೋಗುವ ತುರುಗೋಳಿನಲ್ಲಿ ಕಾದಾಡಿ ಸತ್ತವನಿಗೆ ನಿಲ್ಲಿಸಿದ್ದು ವೀರಗಲ್ಲು. ನಾಲ್ಕು ಮನೆಯ ಈ ಪದ ಶಾಲಾ ಪಠ್ಯದಿಂದ ಎಲ್ಲರಿಗೂ ಪರಿಚಿತವಾದದ್ದರಿಂದ ಸುಲಭದ ಬಂಧಗಳಲ್ಲೂ ಬರುತ್ತದೆ.

ಆಡುನುಡಿಗೆ ಹತ್ತಿರದ ಪದರದಲ್ಲಿ ಒಂದು ವಿಚಿತ್ರ ಕಾಣುತ್ತದೆ. ಹೊಡೆದಾಟ, ಬಡಿದಾಟ, ಗುದ್ದಾಟ, ಕಾದಾಟ, ಕಿತ್ತಾಟ, ಕಚ್ಚಾಟ, ತಿಕ್ಕಾಟ, ಸೆಣಸಾಟ, ಹೋರಾಟ: ಕನ್ನಡಿಗರು ಯಾವ ರೀತಿಯಲ್ಲಿ ಕೈ ಮಾಡಿದರೂ ಅದು ‘ಆಟ’ದಲ್ಲಿ ಮುಗಿಯುತ್ತದೆ. ಬಂಧ ರಚಿಸುವವರಿಗೆ ಇದು ವರ, ಬಿಡಿಸುವವರಿಗೆ ತಲೆನೋವು. ‘ಜಗಳ (3)’ ಎಂಬ ಸುಳುಹಿಗೆ ಕೊನೆಯ ಮನೆಯಲ್ಲಿ ‘ಟ’ ಬಂದಿದೆ ಎಂದು ಹಿಗ್ಗಿದರೆ ಉಳಿದಿರುವುದು ಗುದ್ದಾಟವೋ ಕಿತ್ತಾಟವೋ ತಿಕ್ಕಾಟವೋ ಎಂಬ ಹೊಸ ಜಗಳ. ನಡುವಿನ ಮನೆಯನ್ನೂ ಉದ್ದದ ಪದದಿಂದ ಪಡೆಯದೆ ಗತಿಯಿಲ್ಲ. ಒಳ್ಳೆಯ ರಚನೆಗಾರರು ಇಲ್ಲಿ ಸುಳುಹಿನಲ್ಲೇ ಅಂಗವನ್ನು ಸೂಚಿಸುತ್ತಾರೆ. ಮುಷ್ಟಿಯಿಂದಾದರೆ ಗುದ್ದಾಟ, ಹಲ್ಲಿನಿಂದಾದರೆ ಕಚ್ಚಾಟ. ಅಂಗ ಹೇಳದೆ ಬರಿದೇ ‘ಜಗಳ’ ಎಂದು ಬರೆದು ಕೈತೊಳೆದುಕೊಳ್ಳುವುದು ಸೋಮಾರಿ ಸುಳುಹು.

ಇನ್ನೊಂದು ಕುಟುಂಬ ವ್ಯಾಕರಣದಲ್ಲಿ ಪ್ರಸಿದ್ಧವಾದದ್ದು. ಒಬ್ಬರನ್ನೊಬ್ಬರು ಒಂದೇ ಆಯುಧದಿಂದ ಹೊಡೆದುಕೊಳ್ಳುವುದನ್ನು ಹೇಳುವ ಬಹುವ್ರೀಹಿ ಸಮಾಸಗಳಿವು: ಖಡ್ಗಾಖಡ್ಗಿ, ಮುಷ್ಟಾಮುಷ್ಟಿ, ದಂಡಾದಂಡಿ, ಕೇಶಾಕೇಶಿ, ಕೋಲಾಕೋಲಿ, ಹಣಾಹಣಿ. ಶಾಲೆಯ ವ್ಯಾಕರಣ ಪಾಠದಲ್ಲಿ ಬಾಯಿಪಾಠ ಮಾಡಿದ ಈ ಪದಗಳಲ್ಲಿ ‘ಹಣಾಹಣಿ’ಗೆ ಚುನಾವಣಾ ಸುದ್ದಿಯ ತಲೆಬರಹಗಳು ಮರುಹುಟ್ಟು ಕೊಟ್ಟಿವೆ. ಮಾರಾಮಾರಿ, ಜಿದ್ದಾಜಿದ್ದಿಗಳೂ ಇದೇ ಎರಕದಲ್ಲಿ ಹೊಯ್ದವು. ಎಲ್ಲಕ್ಕೂ ನಾಲ್ಕೇ ಮನೆ. ಎಲ್ಲದರಲ್ಲೂ ಮೊದಲನೆಯ ಮತ್ತು ಮೂರನೆಯ ಮನೆಯ ಅಕ್ಷರ ಒಂದೇ. ಎರಡನೆಯದು ‘ಆ’ಕಾರ, ನಾಲ್ಕನೆಯದು ‘ಇ’ಕಾರ. ಇಷ್ಟು ತಿಳಿದವರಿಗೆ ಒಂದು ಮನೆ ಸಿಕ್ಕರೆ ಇನ್ನೊಂದು ಉಚಿತ. ಜಟಾಪಟಿ, ಚಕಮಕಿಗಳು ಕಿವಿಗೆ ಇದೇ ಗುಂಪಿನವಂತೆ ಕೇಳಿಸಿದರೂ ಈ ನಿಯಮಕ್ಕೆ ಒಳಪಡುವುದಿಲ್ಲ. ನಾಲ್ಕು ಮನೆಯ ‘ಜಗಳ’ದಲ್ಲಿ ಅನುಭವಸ್ಥರೂ ತಪ್ಪುವುದು ಈ ಎರಡರಲ್ಲಿ.

ಎರಡರ್ಥದ ಸುಳುಹು

ಗೂಢ ಸುಳುಹುಗಳಿಗೆ ಈ ಕ್ಷೇತ್ರ ಬಹಳ ಒದಗುತ್ತದೆ. ‘ವಿಗ್ರಹ’ ಗುಡಿಯಲ್ಲಿ ಮೂರ್ತಿ, ರಾಜನೀತಿಯಲ್ಲಿ ಯುದ್ಧ. ಶಾಸನಗಳ ಸಂಧಿವಿಗ್ರಹಿ ಎಂಬ ಅಧಿಕಾರಿ ಒಪ್ಪಂದ ಮತ್ತು ಯುದ್ಧ ಎರಡನ್ನೂ ನೋಡಿಕೊಳ್ಳುತ್ತಿದ್ದವನು. ‘ಪೂಜೆಗೂ ಬೇಕು, ಸಂಧಿ ಮುರಿದರೆ ಸೇನೆಗೂ ಬೇಕು (3)’ ಎಂದರೆ ಸಾಕು. ‘ಸಮಿತಿ’ ಇಂದು ಸಭೆ, ಅಮರಕೋಶದಲ್ಲಿ ಕಾಳಗ. ಗಡಿ ವಿವಾದದ ಎರಡೂ ಕಡೆ ಸಮಿತಿಗಳಿರುವ ಬೆಳಗಾವಿಯಲ್ಲಿ ಅಮರಕೋಶದ ಅರ್ಥವನ್ನು ವಿವರಿಸುವ ಅಗತ್ಯ ಬೀಳುವುದಿಲ್ಲ. ‘ಅಂಕ’ ಪರೀಕ್ಷೆಯಲ್ಲಿ ಸಿಗುವುದು, ನಾಟಕದಲ್ಲಿ ಬರುವುದು, ಕರಾವಳಿಯಲ್ಲಿ ಕೋಳಿಗಳು ಕಾದುವುದು. ‘ಕಲಿ’ ವಿದ್ಯಾರ್ಥಿಗೆ ಆದೇಶ, ರಣದಲ್ಲಿ ಶೂರ, ಯುಗಗಳಲ್ಲಿ ಕೊನೆಯದು. ‘ಕಾದು’ ಇನ್ನೂ ಮೋಜಿನದು. ಬಸ್ಸಿಗಾಗಿ ನಿಂತವನಿಗೂ ಒಲೆಯ ಮೇಲಿನ ಎಣ್ಣೆಗೂ ರಣದ ಯೋಧನಿಗೂ ಅದು ಸಲ್ಲುತ್ತದೆ. ಆದರೆ ಮೊದಲೆರಡರಲ್ಲಿ ಅದು ಕೃದಂತ ರೂಪ, ಮೂರನೆಯದರಲ್ಲಿ ಧಾತು; ವ್ಯಾಕರಣದ ಬಿಗಿ ಇಟ್ಟುಕೊಂಡವರು ಮೂರನ್ನೂ ಒಂದೇ ಸುಳುಹಿನಲ್ಲಿ ಕಟ್ಟುವುದನ್ನು ಒಪ್ಪುವುದಿಲ್ಲ.

ಒಡೆದು ಕೂಡಿಸುವ ಸುಳುಹುಗಳೂ ಇವೆ. ಬಾಗಿಲ ಹಿಂದೆ ‘ನ’ ನಿಂತರೆ ಕದನ. ಗಿಡದೊಡ್ಡಪ್ಪನ ಮುಂದೆ ‘ಸ’ ಬಂದರೆ ಸಮರ. ಅಡಗಿಸುವುದಕ್ಕೆ ‘ರಣ’ದಷ್ಟು ಸುಲಭದ ಪದವಿಲ್ಲ. ಮರಣ, ಹರಣ, ಚರಣ, ತೋರಣ, ಕಾರಣ ಎಲ್ಲದರೊಳಗೂ ಅದು ಕುಳಿತಿದೆ. ‘ಮಾವಿನೆಲೆಯ ಸಾಲಿನೊಳಗೆ ಯುದ್ಧ (2)’ ಎಂದು ಕೇಳಿದರೆ ತೋರಣದಿಂದ ರಣವನ್ನು ಬಿಡಿಸಿಕೊಳ್ಳಬೇಕು. ತಿರುವು ಮುರುವು ಮಾತ್ರ ಕನ್ನಡದಲ್ಲಿ ಅಷ್ಟಾಗಿ ಫಲಿಸದು. ಕದನವನ್ನು ಹಿಂದುಮುಂದಾಗಿಸಿದರೆ ‘ನದಕ’, ಜಗಳವನ್ನು ತಿರುಗಿಸಿದರೆ ‘ಳಗಜ’, ಅರ್ಥವಿಲ್ಲದ ಅಕ್ಷರಗಳು.

ಗಾದೆಯಲ್ಲಿ ಬಿಟ್ಟ ಸ್ಥಳ ತುಂಬಿಸುವುದು ಸುಲಭದ ಬಂಧಗಳ ಮೆಚ್ಚಿನ ದಾರಿ. ಗಂಡ ಹೆಂಡಿರ ಜಗಳದಲ್ಲಿ ಬಡವಾದದ್ದು ಯಾವುದು ಎಂದರೆ ‘ಕೂಸು’. ಅದೇ ಜಗಳ ಎಲ್ಲಿಯ ತನಕ ಎಂಬ ಇನ್ನೊಂದು ಗಾದೆಯಿಂದ ‘ಉಂಡು’.

ಪುರಾಣದ ಜಗಳಗಂಟರು

ಹೆಸರುಗಳ ಸಾಲಿನಲ್ಲಿ ಭೀಮನಿಗೆ ಸಾಟಿಯಿಲ್ಲ. ಅವನ ಕೈಯಲ್ಲಿ ಸತ್ತ ಬಕ, ಹಿಡಿಂಬ, ಕೀಚಕ, ಜರಾಸಂಧ, ದುಶ್ಶಾಸನರೆಲ್ಲ ಎರಡರಿಂದ ನಾಲ್ಕು ಮನೆಯವರು. ಕೊನೆಯ ಗದಾಯುದ್ಧಕ್ಕೆ ಮುಧೋಳದ ರನ್ನನ ಕಾವ್ಯದ ಬೆಂಬಲವೂ ಇದೆ. ‘ಸಾಹಸಭೀಮ ವಿಜಯ’ಕ್ಕೆ ‘ಗದಾಯುದ್ಧ’ ಎಂಬ ಇನ್ನೊಂದು ಹೆಸರು ಇರುವುದರಿಂದ ಒಂದೇ ಉತ್ತರಕ್ಕೆ ಸಾಹಿತ್ಯದ ಸುಳುಹನ್ನೂ ಪುರಾಣದ ಸುಳುಹನ್ನೂ ಕೊಡಬಹುದು. ಗದಾಯುದ್ಧ, ಮಲ್ಲಯುದ್ಧ, ಮುಷ್ಟಿಯುದ್ಧ ಮೂರೂ ನಾಲ್ಕು ಮನೆಯವು, ಮೂರರ ಕೊನೆಯೂ ಒಂದೇ.

‘ಕಲಹಪ್ರಿಯ’ ಎಂದರೆ ನಾರದ. ಸುಳುಹು ಉತ್ತರಗಳನ್ನು ಅದಲುಬದಲು ಮಾಡಿದರೂ ನಡೆಯುತ್ತದೆ. ಬೆಳಗಾವಿ ಸೀಮೆಯವರಿಗೆ ಈ ನಾರದನ ಪರಿಚಯ ಪುರಾಣಕ್ಕಿಂತ ಹೆಚ್ಚಾಗಿ ‘ಶ್ರೀಕೃಷ್ಣ ಪಾರಿಜಾತ’ದಿಂದ. ಅವನು ತಂದ ಒಂದು ಹೂವು ರುಕ್ಮಿಣಿಗೆ ಹೋದದ್ದರಿಂದ ಸತ್ಯಭಾಮೆ ಮುನಿದು ರಾತ್ರಿಯಿಡೀ ನಡೆಯುವ ಸವತಿ ಜಗಳವೇ ಈ ಸಣ್ಣಾಟದ ಜೀವ. ಇದನ್ನು ಬೆಳೆಸಿದವನು ಇದೇ ಜಿಲ್ಲೆಯ ಕುಲಗೋಡ ತಮ್ಮಣ್ಣ. ಕೌಜಲಗಿ ನಿಂಗಮ್ಮ ಇದರ ಹೆಸರಾಂತ ಕಲಾವಿದೆ. ಹೂವಿನ ಹೆಸರು, ಆಟದ ಹೆಸರು, ಜಗಳದ ಕಾರಣ ಮೂರಕ್ಕೂ ನಾಲ್ಕು ಮನೆಯ ಒಂದೇ ಉತ್ತರ.

ಖಾನಾಪುರ ತಾಲ್ಲೂಕಿನ ಹಲಸಿ ಕದಂಬರ ಎರಡನೆಯ ರಾಜಧಾನಿಯಾಗಿದ್ದ ಪಲಾಶಿಕಾ. ಅಲ್ಲಿನ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಅವತಾರಗಳು ಎದುರುಬದುರು ಇವೆ. ಒಬ್ಬ ಹಿರಣ್ಯಾಕ್ಷನನ್ನು ಕೊಂದವನು, ಇನ್ನೊಬ್ಬ ಅವನ ಸೋದರನನ್ನು. ಸ್ಥಳದ ಸುಳುಹಿನಿಂದ ಪುರಾಣದ ಉತ್ತರಕ್ಕೆ ಹೋಗಲು ಇದಕ್ಕಿಂತ ಹತ್ತಿರದ ದಾರಿ ಬೇಡ.

ಕಿತ್ತೂರು, ನಂದಗಡ, ಕೋಟೆ

ಸ್ಥಳೀಯ ಇತಿಹಾಸದ ಉತ್ತರಗಳಲ್ಲಿ ಮೊದಲು ಬರುವುದು ಕಿತ್ತೂರು. 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಅವನನ್ನು ಗುಂಡಿಟ್ಟು ಉರುಳಿಸಿದ ಕೀರ್ತಿ ಅಮಟೂರು ಬಾಳಪ್ಪನದು. ಅದೇ ವರ್ಷದ ಡಿಸೆಂಬರಿನಲ್ಲಿ ಕಂಪನಿಯ ದಂಡು ಮತ್ತೆ ಬಂದು ಕೋಟೆಯನ್ನು ಹಿಡಿಯಿತು. ಸೆರೆಸಿಕ್ಕ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಆಮೇಲೂ ಕಾದಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಇಷ್ಟು ಸಂಗತಿಯಿಂದಲೇ ಕಾಕತಿ (ರಾಣಿಯ ತವರು), ಕಿತ್ತೂರು, ಚೆನ್ನಮ್ಮ, ರಾಯಣ್ಣ, ಸಂಗೊಳ್ಳಿ, ಬಾಳಪ್ಪ, ಥ್ಯಾಕರೆ ಎಂಬ ಮೂರು ಮನೆಯ ಏಳು ಉತ್ತರಗಳೂ ನಂದಗಡ, ಅಮಟೂರು ಎಂಬ ನಾಲ್ಕು ಮನೆಯ ಎರಡೂ ಬೈಲಹೊಂಗಲ ಎಂಬ ಐದು ಮನೆಯದೊಂದೂ ಸಿಗುತ್ತವೆ. ಪ್ರತ್ಯೇಕ ಬಂಧವೊಂದಕ್ಕೆ ಸಾಕಾಗುವ ಸರಕು. 17ನೆಯ ಶತಮಾನದಲ್ಲಿ ಶಿವಾಜಿಯ ಸೈನ್ಯವನ್ನು ಎದುರಿಸಿದ ಬೆಳವಡಿ ಮಲ್ಲಮ್ಮ ಇದೇ ಬೈಲಹೊಂಗಲ ಸೀಮೆಯವಳು.

ನಂದಗಡಕ್ಕೆ ಗೂಢ ಸುಳುಹನ್ನೂ ಕೊಡಬಹುದು: ‘ಕೃಷ್ಣನ ಸಾಕುತಂದೆ ಕೋಟೆ ಸೇರಿದ ಜಾಗದಲ್ಲಿ ರಾಯಣ್ಣನ ಕೊನೆ (4)’. ಇದೇ ತಾಲ್ಲೂಕಿನ ಕಾಡಿನಲ್ಲಿರುವ ಭೀಮಗಡ ಕೊನೆಯ ಎರಡು ಮನೆಯನ್ನು ನಂದಗಡದೊಂದಿಗೆ ಹಂಚಿಕೊಳ್ಳುತ್ತದೆ. ಜರಾಸಂಧನನ್ನು ಸೀಳಿದವನ ಹೆಸರಿನ ಕೋಟೆ ಎಂದರೆ ಅದಕ್ಕೂ ಕಾಳಗದ ನಂಟು ಸಿಕ್ಕಿತು.

ಇಲ್ಲಿ ಕಾಡುವುದು ಕಾಗುಣಿತ. ‘ಚೆನ್ನಮ್ಮ’ ಎಂಬ ಬರಹದಷ್ಟೇ ‘ಚನ್ನಮ್ಮ’ವೂ ಬಳಕೆಯಲ್ಲಿದೆ, ಬೆಳಗಾವಿಯ ವಿಶ್ವವಿದ್ಯಾಲಯದ ಹೆಸರು ‘ರಾಣಿ ಚನ್ನಮ್ಮ’. ಓದುವಾಗ ಯಾರೂ ಗಮನಿಸದ ಈ ಏತ್ವ ಮೊದಲ ಮನೆಯಲ್ಲಿ ‘ಚೆ’ಯೋ ‘ಚ’ಯೋ ಎಂಬ ಪ್ರಶ್ನೆಯಾಗಿ, ಮೇಲಿನಿಂದ ಕೆಳಕ್ಕೆ ಬರುವ ಪದವನ್ನೇ ಕೆಡಿಸುತ್ತದೆ. ಥ್ಯಾಕರೆ–ಠಾಕರೆ, ಮನ್ರೋ–ಮುನ್ರೋಗಳದೂ ಇದೇ ಕಥೆ. ಥಾಮಸ್ ಮನ್ರೋ ಇಲ್ಲಿ ಬರುವುದು ಬೆಳಗಾವಿ ಕೋಟೆಯ ಕಾರಣಕ್ಕೆ. ರಟ್ಟರ ಕಾಲದ ಆ ಕೋಟೆಯನ್ನು 1470ರ ದಶಕದಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಮುತ್ತಿದ. 1818ರಲ್ಲಿ ಪೇಶ್ವೆಯ ಕಡೆಯವರಿಂದ ಕಂಪನಿಗಾಗಿ ಮನ್ರೋ ಗೆದ್ದುಕೊಂಡ. ಎರಡಕ್ಕೂ ಸೇರುವ ಉತ್ತರ ‘ಮುತ್ತಿಗೆ’.

ಸಿನಿಮಾ ಪದಬಂಧಗಳು ಇದೇ ಇತಿಹಾಸವನ್ನು ಇನ್ನೊಂದು ಬಾಗಿಲಿನಿಂದ ಒಳಗೆ ತರುತ್ತವೆ. ಬಿ. ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’ದಲ್ಲಿ ರಾಣಿಯಾದವರು ಬಿ. ಸರೋಜಾದೇವಿ. 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದಲ್ಲಿ ನಾಯಕ ದರ್ಶನ್.

ಅಖಾಡ ಮತ್ತು ಟಗರು

ಸಿಟ್ಟಿಲ್ಲದ ಹೊಡೆದಾಟ ಕುಸ್ತಿ. ಬೆಳಗಾವಿಯ ಕುಸ್ತಿಗೆ ಮೈಸೂರಿಗಿಂತ ಕೊಲ್ಲಾಪುರ ಹತ್ತಿರ. ಶಾಹು ಮಹಾರಾಜರ ಆಶ್ರಯದಲ್ಲಿ ಬೆಳೆದ ಅಲ್ಲಿನ ಪರಂಪರೆಯ ಮಾತುಗಳೇ ಇಲ್ಲಿನ ಕಣದಲ್ಲೂ ಕೇಳಿಸುತ್ತವೆ. ಹಳೆ ಮೈಸೂರಿನಲ್ಲಿ ಗರಡಿ ಎಂದಾಗುವುದು ಇಲ್ಲಿ ತಾಲೀಮು. ಗುರು ಎಂದರೆ ವಸ್ತಾದ. ಜಾತ್ರೆಯ ಭಿತ್ತಿಪತ್ರದಲ್ಲಿ ‘ಜಂಗಿ ನಿಕಾಲಿ ಕುಸ್ತಿಗಳು’ ಎಂದಿದ್ದರೆ, ಅಂಕ ಎಣಿಸದೆ ಒಬ್ಬ ಚಿತ್ ಆಗುವ ತನಕ ಹಿಡಿಯುವ ಕುಸ್ತಿ ಎಂದರ್ಥ. ನಗರದ ಆನಂದವಾಡಿ ಅಖಾಡ ಇಂಥ ಪಂದ್ಯಗಳಿಗೆ ಹೆಸರಾದದ್ದು. ಗೆದ್ದ ಪೈಲ್ವಾನನಿಗೆ ಗದೆ ಕೊಡುವ ವಾಡಿಕೆಯಿಂದ ‘ಭೀಮನ ಕೈಯಲ್ಲೂ ಪೈಲ್ವಾನನ ಹೆಗಲ ಮೇಲೂ (2)’ ಎಂಬ ಸುಳುಹು ಸಲೀಸಾಗಿ ಹುಟ್ಟುತ್ತದೆ.

ಪದಬಂಧಗಳು ಮಾತ್ರ ಬಹುಮಟ್ಟಿಗೆ ಮೈಸೂರಿನ ಶಬ್ದಗಳಿಗೇ ಅಂಟಿಕೊಂಡಿವೆ. ಗರಡಿ, ಜಟ್ಟಿ, ಮಟ್ಟಿ, ದಸರೆಯ ವಜ್ರಮುಷ್ಟಿ ಕಾಳಗಗಳು ಬರುವಷ್ಟು ಸುಲಭವಾಗಿ ತಾಲೀಮು, ವಸ್ತಾದ, ನಿಕಾಲಿಗಳು ಬರುವುದಿಲ್ಲ. ಅಳತೆಯ ತೊಂದರೆ ಇಲ್ಲಿಲ್ಲ, ಮೂರೂ ಮೂರು ಮನೆಯವು. ನಿಘಂಟು ನೋಡಿ ರಚಿಸುವವರಿಗೂ ಕಣ ನೋಡಿದವರಿಗೂ ನಡುವಿನ ದೂರ ಇದು. ‘ಚಿತ್’ನಂಥ ಅರ್ಧಾಕ್ಷರದಲ್ಲಿ ಕೊನೆಗೊಳ್ಳುವ ಪದಗಳದು ಬೇರೆ ಕಷ್ಟ; ‘ತ್’, ‘ಟ್’, ‘ಗ್’ ಇರುವ ಮನೆಯನ್ನು ಇನ್ನೊಂದು ಅರ್ಧಾಕ್ಷರದಿಂದಲೇ ದಾಟಬೇಕಾದ್ದರಿಂದ ಫೈಟ್, ಬಾಕ್ಸಿಂಗ್‌ಗಳು ಬಳಕೆಯಲ್ಲಿದ್ದರೂ ಬಂಧದಲ್ಲಿ ವಿರಳ.

ಉತ್ತರ ಕರ್ನಾಟಕದ ಜಾತ್ರೆಗಳ ಟಗರಿನ ಕಾಳಗದಲ್ಲಿ ಟಗರುಗಳನ್ನು ಹಲ್ಲಿನ ಲೆಕ್ಕದಲ್ಲಿ ವಿಂಗಡಿಸುತ್ತಾರೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು. ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಪದಬಂಧದಲ್ಲಿ ಟಗರಿನ ಬೆಲೆ ಬೇರೆ: ‘ಟ’ದಿಂದ ಶುರುವಾಗುವ ಅಚ್ಚ ಕನ್ನಡದ ಪದಗಳು ಬೆರಳೆಣಿಕೆಯಷ್ಟು. ಹೊಡೆದಾಟ, ಬಡಿದಾಟಗಳ ಕೊನೆಯ ಮನೆಯಿಂದ ಕೆಳಗಿಳಿಯಲು ಟಗರೇ ಮೊದಲು ನೆನಪಾಗುವುದು.

ಕಾನೂನಿನ ಪರಿಭಾಷೆಯಿಂದ ಬರುವ ಪದ ‘ದೊಂಬಿ’. ಐದು ಅಥವಾ ಹೆಚ್ಚು ಜನ ಅಕ್ರಮವಾಗಿ ಕೂಡಿ ಬಲ ಬಳಸಿದರೆ ಅದು ದೊಂಬಿ. ಭಾರತೀಯ ನ್ಯಾಯ ಸಂಹಿತೆಯ 191ನೆಯ ಕಲಮು ಇದನ್ನು ಹೇಳುತ್ತದೆ. ಇಬ್ಬರು ಮೂವರು ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಶಾಂತಿ ಕದಡಿದರೆ 194ನೆಯ ಕಲಮು. ಆದ್ದರಿಂದ ‘ಇಬ್ಬರ ಜಗಳ (2)’ ಎಂಬ ಸುಳುಹಿಗೆ ದೊಂಬಿ ಉತ್ತರವಾಗಕೂಡದು.

ಓಣಿಯ ಮಾತು

ಬೆಳಗಾವಿ, ಖಾನಾಪುರಗಳಲ್ಲಿ ನಿಜವಾಗಿ ಕೇಳಿಬರುವ ಜಗಳದ ಪದಗಳನ್ನು ಬಂಧಕ್ಕೆ ತರುವುದರಲ್ಲಿ ಮೊದಲ ತೊಡಕು ಉಚ್ಚಾರಣೆ. ಗ್ರಂಥದ ಗಲಾಟೆ, ದಂಗೆ, ತಂಟೆ, ರಗಳೆಗಳು ಇಲ್ಲಿ ಗಲಾಟಿ, ದಂಗಿ, ತಂಟಿ, ರಗಳಿ. ಪದದ ಕೊನೆಯ ‘ಎ’ಕಾರ ‘ಇ’ಕಾರವಾಗುವುದು ಉತ್ತರ ಕರ್ನಾಟಕದ ಮಾತಿನ ಸಾಮಾನ್ಯ ಗುಣ. ಕಿವಿಗೆ ಅಲ್ಪವಾದ ಈ ಬದಲಾವಣೆಯಿಂದ ಕೊನೆಯ ಮನೆ ‘ಟೆ’ಯಿಂದ ‘ಟಿ’ಗೆ ಹೊರಳುತ್ತದೆ. ‘ಹೊಡೆದಾಟ’ ‘ಹೊಡದಾಟ’ವಾದಾಗ ಎರಡನೆಯ ಮನೆ ‘ಡೆ’ಯಿಂದ ‘ಡ’ ಆಗುತ್ತದೆ. ಮನೆಗಳ ಸಂಖ್ಯೆ ಅಷ್ಟೇ ಇರುವುದರಿಂದ ತಪ್ಪು ಬೇಗ ಕಾಣುವುದೂ ಇಲ್ಲ. ಬೆಂಗಳೂರಿನಲ್ಲಿ ರಚಿಸಿದ ಬಂಧವನ್ನು ಬೆಳಗಾವಿಯಲ್ಲಿ ಬಿಡಿಸುವವರು ತಮ್ಮ ಬಾಯಿಯ ಮಾತನ್ನು ಗ್ರಂಥಕ್ಕೆ ತಿದ್ದಿಕೊಂಡೇ ಪೆನ್ನು ಹಿಡಿಯಬೇಕು. ಸುಳುಹಿನ ಕೊನೆಗೆ ‘ಉ.ಕ. ಆಡುಮಾತು’ ಎಂದು ಸೂಚಿಸಿ ಗಲಾಟಿಯನ್ನೇ ಉತ್ತರವಾಗಿಸುವುದು ನ್ಯಾಯವಾದ ಕ್ರಮ. ಆಗ ಗುದಮುರಿಗಿಯಂಥ ಸೊಗಸಾದ ಪದಕ್ಕೂ ಐದು ಮನೆ ದೊರೆಯುತ್ತದೆ.

ಎರಡನೆಯ ತೊಡಕು ಭಾಷೆಗಳ ಬೆರಕೆ. ಬಾಬುರಾವ್ ಠಾಕೂರ್ ಶುರುಮಾಡಿದ ಮರಾಠಿ ದಿನಪತ್ರಿಕೆ ‘ತರುಣ ಭಾರತ’ ಬೆಳಗಾವಿಯದು. ಹುಬ್ಬಳ್ಳಿಗೆ ಹೋಗುವ ಮೊದಲು ‘ಸಂಯುಕ್ತ ಕರ್ನಾಟಕ’ವೂ ಇಲ್ಲಿಂದಲೇ ಹೊರಡುತ್ತಿತ್ತು. ಎರಡೂ ಭಾಷೆಯ ಪತ್ರಿಕೆ ಓದುವ ಮನೆಗಳಲ್ಲಿ ಕನ್ನಡದ ಪದಬಂಧಕ್ಕೆ ಮರಾಠಿಯ ‘ಶಬ್ದಕೋಡೆ’ ಜೊತೆಗಾರ. ಮರಾಠಿಯ ಭಾಂಡಣ, ಹಾಣಾಮಾರಿ, ರಾಡಾ, ಕೊಂಕಣಿಯ ಝಗಡೆಂ ಖಾನಾಪುರದ ಸಂತೆಯಲ್ಲಿ ಎಲ್ಲರಿಗೂ ತಿಳಿಯುವ ಮಾತು. ಕನ್ನಡ ಬಂಧಗಳು ಇವನ್ನು ಪರಭಾಷೆಯೆಂದು ಬಿಡುತ್ತವೆ, ಆದರೆ ಅದೇ ದಾರಿಯಲ್ಲಿ ಹಿಂದೆಯೇ ಬಂದು ನೆಲೆಸಿದ ಲಡಾಯಿ, ದಂಗೆ, ತಂಟೆ, ತಕರಾರುಗಳನ್ನು ಕೇಳದೆ ಒಳಗೆ ಬಿಟ್ಟುಕೊಳ್ಳುತ್ತವೆ. ನಿಘಂಟಿನಲ್ಲಿ ಹೆಸರು ಬಿದ್ದಿದೆಯೇ ಇಲ್ಲವೇ ಎಂಬುದೊಂದೇ ಅಳತೆ.

ದೇವನಾಗರಿಯ ಶಬ್ದಕೋಡೆಯಲ್ಲೂ ಮನೆಗೊಂದು ಅಕ್ಷರವಾದ್ದರಿಂದ ಎರಡೂ ಭಾಷೆಗೆ ಸಾಮಾನ್ಯವಾದ ಪದಗಳ ಅಳತೆ ಒಂದೇ. ಕುಸ್ತಿಗೆ ಎರಡು ಮನೆ, ಲಡಾಯಿಗೆ ಮೂರು, ತಾಲೀಮಿಗೆ ಮೂರು, ಮಾರಾಮಾರಿಗೆ ನಾಲ್ಕು. ಬೇರಾಗುವುದು ಹೆಚ್ಚಾಗಿ ಕೊನೆಯ ಮನೆ. ಮರಾಠಿಯಲ್ಲಿ ‘ಮಾರಾಮಾರೀ’, ‘ಕುಸ್ತೀ’ ದೀರ್ಘ, ಕನ್ನಡದಲ್ಲಿ ಹ್ರಸ್ವ. ಮರಾಠಿಯ ‘ತಾಲೀಮ’ ಕನ್ನಡದಲ್ಲಿ ‘ತಾಲೀಮು’. ‘ಲಢಾಈ’ಯಲ್ಲಿ ಮಾತ್ರ ನಡುವಿನ ಮನೆಯೂ ಮಹಾಪ್ರಾಣವಾಗಿ ಬೇರೆಯಾಗುತ್ತದೆ.